ಚಂದ್ರಕಾಳಿ ಸೀರೆಯ ಮೇಲಿನ ಬೆರಳು

ಸಿಂದಗಿಯಲ್ಲಿ ಒಂದು ನಾಟಕ ಕಂಪನಿ ಮುರಿದುಬಿದ್ದಾಗ, ದೆವ್ವದ ದೃಶ್ಯಕ್ಕೆ ಅವರು ಹಚ್ಚುತ್ತಿದ್ದ ದೀಪ ಇಂಡಿ ಊರಿನ ಬಸಂತರಾಯನ ಮನೆಗೆ ಬಂತು. ಕರಿ ಗಾಜಿನ ದೊಡ್ಡ ಬಲ್ಬು ಅದು. ಹಚ್ಚಿದರೆ ಬೆಳಕೆಂಬುದೇ ಕಾಣುತ್ತಿರಲಿಲ್ಲ. ಗೋಡೆಗೊಂದು ಮಂಕು ನೇರಳೆ ಬಣ್ಣ ಹತ್ತಿ, ಕತ್ತಲೆಯಲ್ಲಿ ಬಿಳಿ ಧೋತರ, ಹಲ್ಲು, ಉಗುರು ತಾವಾಗಿಯೇ ಹೊಳೆಯುತ್ತಿದ್ದವು. ಪೇಟೆಯಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ ಬಸಂತರಾಯನಿಗೆ ಆ ಹೊಳಪನ್ನು ಪ್ಲೇಟಿನ ಮೇಲೆ ಹಿಡಿಯುವ ಹುಚ್ಚು ಹಿಡಿಯಿತು. ಅರವತ್ತೊಂದರ ಬೇಸಿಗೆ, ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ನಡುಮನೆಯ ಕಿಟಕಿಗೆ ಕಂಬಳಿ ಕಟ್ಟಿ, ಯಾವುದು ಹೊಳೆಯುತ್ತದೆಂದು ನೋಡಲು ತಟ್ಟೆಯಲ್ಲಿ ಲಿಂಬೆಹಣ್ಣು, ಜೇನು, ನದಿಯ ಹರಳು ಇಟ್ಟುಕೊಂಡು ಕೂತ.

“ಹಿಂದ ಹಾಸಾಕ ಒಂದು ಕರೀ ಬಟ್ಟಿ ಕೊಡು,” ಎಂದ ಹೆಂಡತಿಗೆ.

ಸುಮಿತ್ರಾಬಾಯಿ ಟ್ರಂಕಿನ ತಳದಿಂದ ತನ್ನ ಕರಿ ಚಂದ್ರಕಾಳಿ ಸೀರೆ ತೆಗೆದಳು. ಮೂರು ವರ್ಷದಿಂದ ಉಟ್ಟಿರಲಿಲ್ಲ. ಅವನು ಸೆರಗನ್ನು ಹಲಗೆಯ ಮೇಲೆ ಹರವಿ ದೀಪ ಹಚ್ಚಿದ.

ಕರಿ ಸೆರಗಿನ ಮೇಲೆ ಐದು ಬೆರಳು ಹೊಳೆದವು. ತೊಗರಿಕಾಳಿನಷ್ಟು ತುದಿಗಳು, ಹಳದಿ ಹಸಿರು. ಯಾರೋ ಸೆರಗು ಹಿಡಿದು ಜಗ್ಗಿದ ಹಾಗೆ.

ಯಾರ ಬೆರಳೆಂದು ಸುಮಿತ್ರಾಬಾಯಿ ಕೇಳಬೇಕಾಗಿರಲಿಲ್ಲ. ಮಗಳು ಕುಸುಮಾ ಜ್ವರ ಬಂದು ಮಲಗುವ ಹಿಂದಿನ ದಿನ ಅರಿಷಿಣದ ಬಟ್ಟಲಲ್ಲಿ ಕೈ ಅದ್ದಿ ಸೆರಗು ಹಿಡಿದಿದ್ದಳು. ತಾನು ಆ ಕೈಗೆ ಮೆಲ್ಲಗೆ ಒಂದು ಏಟು ಹಾಕಿದ್ದಳು. ಹದಿನಾಲ್ಕು ತಿಂಗಳ ಕೂಸು, ಆ ಜ್ವರದಿಂದ ಏಳಲೇ ಇಲ್ಲ. ಊರಿನ ಕೂಸುಗಳದ್ದೆಲ್ಲ ಫೋಟೊ ತೆಗೆದ ಬಸಂತರಾಯ ತನ್ನ ಮಗಳದ್ದು ಮಾತ್ರ ತೆಗೆದಿರಲಿಲ್ಲ. ಬಾಗೇವಾಡಿಯಲ್ಲಿ ಜಾವಳ ತೆಗೆಸುವ ತನಕ ಫೋಟೊ ಬೇಡ, ಕೂಸಿನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹಟ ಹಿಡಿದವಳು ಅವಳೇ. ಈಗ ಆ ಮುಖ ಅವಳಿಗೆ ದಿನಕ್ಕೊಂದು ರೀತಿ ನೆನಪಾಗುತ್ತಿತ್ತು.

“ತಗೀಲೇನು?” ಎಂದ ಅವನು, ತೀರ ಸಣ್ಣ ದನಿಯಲ್ಲಿ. ಅವಳು ಗೋಣು ಹಾಕಿದಳು.

ದೀಪದ ನೇರಳೆ ಪ್ಲೇಟಿಗೆ ಬೀಳದಂತೆ ಲೆನ್ಸಿನ ಮುಂದೆ ಹಳದಿ ಗಾಜು ಸಿಕ್ಕಿಸಿ ಐದು ನಿಮಿಷ ತೆರೆದಿಟ್ಟ. ತೊಳೆದು ನೋಡಿದರೆ ಪ್ಲೇಟು ಬರಿದು. ಎರಡನೆಯದಕ್ಕೆ ಇಪ್ಪತ್ತು ನಿಮಿಷ. ಅದನ್ನು ಮುಚ್ಚುವಾಗ ಸುಮಿತ್ರಾಬಾಯಿ ಸೆರಗಿನ ಹತ್ತಿರ ಬಗ್ಗಿದಳು.

“ಹೆಬ್ಬೆರಳು ಎಲ್ಲಿ ಹೋತ್ರಿ?”

ಅವನು ದೀಪ ಆರಿಸಿದ. “ಬಿಸಿಲಾಗ ಅರಿಷಿಣದ ಬಣ್ಣ ಹಾರತೈತಲ್ಲ, ಈ ದೀಪಾನೂ ಹಂಗ ಮಾಡಾಕತ್ತೈತಿ. ಇನ್ನೊಂದು ಪ್ಲೇಟಿಗೆ ನಲವತ್ತು ನಿಮಿಷ ಬೇಕು. ಚಿತ್ರ ಬರಬಹುದು. ಬೆರಳು ಉಳೀತಾವೋ ಇಲ್ಲೋ. ನೀನ ಹೇಳು,” ಎಂದ.

ಅಷ್ಟರಲ್ಲಿ ಬಾಗಿಲು ಬಡಿದು ಜೈತುನಬಿ ಒಳಬಂದಳು. ಪಕ್ಕದ ಮನೆಯವಳು, ಸುಮಿತ್ರಾಬಾಯಿಗಿಂತ ಹತ್ತು ವರ್ಷ ದೊಡ್ಡವಳು. “ಹಾಡಹಗಲ ಕಿಟಕಿಗೆ ಕಂಬಳಿ ಕಟ್ಟೀರಿ, ಓಣಿಯವ್ರು ಏನ್ ಅಂದ್ಕೊಬೇಕವ್ವ?” ಎಂದು ನಗುತ್ತ ಬಂದವಳು ಸೀರೆ ಕಂಡು ಹೊಸ್ತಿಲಲ್ಲೇ ನಿಂತಳು.

“ಆವಾಗ ಇದನ್ನ ಒಗದು ತಂದಾಕಿ ನೀನಲ್ಲೇನಕ್ಕಾ?” ಎಂದು ಕೇಳಿದಳು ಸುಮಿತ್ರಾಬಾಯಿ. “ಇದರಾಗ ಕೂಸಿನ ಬೆರಳು ಅದಾವ.”

ಜೈತುನಬಿ ಹೊಸ್ತಿಲ ಮೇಲೆ ಕೂತಳು. “ಬಾವಿ ಹತ್ರ ಒಗಿಯುವಾಗ ಬೆರಳಿನ ಗುರ್ತು ನೋಡಿದೆ. ಅಳಸಾಕ ಕೈ ಬರಲಿಲ್ಲ ನಂಗ. ಉಳಿದದ್ದಕ್ಕ ಸಬಕಾರ ಹಚ್ಚಿ, ಸೆರಗಿಗೆ ಬರೇ ನೀರು ತೋರಿಸಿದೆ. ಬಿಸಿಲಿಗೆ ಹಾಕಲಿಲ್ಲ, ಹಿತ್ತಲ ನೆಳ್ಳಾಗ ಒಣಗಿಸಿದೆ. ನಿಂಗ ಹೇಳಿದ್ರ ಮತ್ತ ಅಳ್ತಿ ಅಂತ ಹೇಳಲಿಲ್ಲ.” ಎದ್ದು ಅವಳ ಬೆನ್ನ ಮೇಲೆ ಒಂದು ಗಳಿಗೆ ಕೈಯಿಟ್ಟು, ಬಂದ ಕೆಲಸ ಹೇಳದೆಯೇ ಹೊರಟುಹೋದಳು.

ಸುಮಿತ್ರಾಬಾಯಿ ಕತ್ತಲೆಯಲ್ಲೇ ಸೀರೆಯ ಪಕ್ಕ ಕೂತಳು. ಫೋಟೊ ಕೂಸನ್ನು ತಿನ್ನುತ್ತದೆ ಎಂದು ಅಂದು ತಾನು ಅಂದದ್ದು ಈಗ ಕಣ್ಣೆದುರೇ ನಡೆಯುತ್ತಿತ್ತು. ತೆಗೆಯದಿದ್ದರೆ? ಟ್ರಂಕಿನಲ್ಲಿ ಬೆರಳುಗಳು ಹಾಗೇ ಇರುತ್ತವೆ, ಯಾರ ಕಣ್ಣಿಗೂ ಬೀಳದೆ. ಒಮ್ಮೆ ಹಾಗೆ ಕೂಸಿನ ಮುಖವನ್ನೇ ಬಚ್ಚಿಟ್ಟುಕೊಂಡು ಕಳೆದುಕೊಂಡದ್ದಾಗಿತ್ತು.

“ತಗೀರಿ,” ಎಂದಳು.

ನಲವತ್ತು ನಿಮಿಷ ಅವಳು ಕಣ್ಣು ಕೀಳಲಿಲ್ಲ. ಮೊದಲು ಕಿರುಬೆರಳು ಮಸುಕಾಯಿತು, ಆಮೇಲೆ ಅದರ ಪಕ್ಕದ್ದು. ಕೊನೆಯದು ಹೋಗುವಾಗ ಸೆರಗು ಜಗ್ಗಿದಂತಾಗಿ ಅವಳು ಹೆಗಲು ಮುಟ್ಟಿಕೊಂಡಳು. ಉಟ್ಟದ್ದು ಬೇರೆ ಸೀರೆ.

ಬಸಂತರಾಯ ಉಳಿದ ಎರಡೂ ಪ್ಲೇಟು ತೊಳೆದು ತಂದ. ಕಡೆಯದರಲ್ಲಿ ನಾಲ್ಕು ಬೆರಳು ನೆಗೆಟಿವಿನ ಕಪ್ಪಿನಲ್ಲಿ ಮೂಡಿದ್ದವು. ಎರಡನೆಯದು ತೆಳು, ಒಂದು ಮೂಲೆಯಲ್ಲಿ, ದೀಪಕ್ಕೆ ಎಲ್ಲಕ್ಕಿಂತ ಹತ್ತಿರವಿದ್ದ ಹೆಬ್ಬೆರಳಷ್ಟೇ ಹೊಗೆಯ ಹಾಗೆ ಕಾಣುತ್ತಿತ್ತು. ಅವನು ಕಂಬಳಿ ಸರಿಸಿ, ಒದ್ದೆ ಗಾಜುಗಳನ್ನು ಒಂದರ ಮೇಲೊಂದು ಹಿಡಿದ. ನಡುವೆ ಬಟ್ಟೆ ಕೊಂಚ ಸರಿದಿತ್ತೇನೋ, ಹೆಬ್ಬೆರಳು ಉಳಿದವುಗಳಿಂದ ದೂರ ಬಿದ್ದಿತ್ತು. ಸೆರಗು ಹಿಡಿದ ಕೈ ಬಿಚ್ಚಿಕೊಂಡ ಹಾಗೆ.

“ಹೊಂದಸ್ಲೇನು?” ಎಂದ ಅವನು.

“ಬ್ಯಾಡ್ರಿ,” ಎಂದಳು ಸುಮಿತ್ರಾಬಾಯಿ. “ಇರ್ಲಿ ಬಿಡ್ರಿ ಹಂಗ.”