ಅಮ್ಮನ ದನಿಗಾಗಿ

ಹೊಲಿಗೆಯಕ್ಕನ ಫೋನು ಕೆಟ್ಟು, ಹೇಗೋ ಸರಿಯಾಯಿತು. ಆದರೆ ಅದರಲ್ಲಿದ್ದ ಅಮ್ಮನ ವಾಯ್ಸ್ ಮೆಸೇಜುಗಳೆಲ್ಲ ಅಳಿಸಿಹೋದವು. ಅಮ್ಮ ತೀರಿಕೊಂಡ ಮೇಲೆ ಆ ದನಿ ಕೇಳದೆ ಅವಳು ಹೊಲಿಗೆ ಮಿಷನ್ ತುಳಿದದ್ದೇ ಇರಲಿಲ್ಲ. ಈಗ ಹೊಲಿಯಲು ಕೂತರೆ ಕೈಯೇ ಓಡುತ್ತಿರಲಿಲ್ಲ.

ಅಷ್ಟರಲ್ಲಿ ಯಾರೋ ಒಂದು ಲಿಂಕ್ ಕಳಿಸಿದರು: ‘ಅಳಿಸಿಹೋದ ದನಿ ಮರಳಿ ಪಡೆಯಿರಿ.’ ತಡಮಾಡದೆ ಒತ್ತಿದಳು. ‘ಗೊತ್ತಿಲ್ಲದ ಕಡೆಯಿಂದ ಬಂದ ಆ್ಯಪ್, ಅಪಾಯವಿರಬಹುದು’ ಎಂದು ಫೋನು ತಡೆಯಿತು. ಅವಳಿಗೆ ಮೈ ಉರಿಯಿತು. ಪಕ್ಕದಲ್ಲೇ ಫೋನ್ ರಿಪೇರಿ ಮಾಡುವ ಗೆಳತಿಯ ಬಳಿ ಹೋದಳು.

"ಇದರ ತಡೆ ತೆಗೆದುಕೊಡೇ. ನನ್ನ ಫೋನಲ್ಲಿ ಏನು ಹಾಕ್ಕೋಬೇಕು ಅಂತ ಹೇಳೋಕೆ ಅದ್ಯಾರು?"

"ಫೋನೂ ನಿಂದು, ಇಷ್ಟಾನೂ ನಿಂದೇ. ನಾನೂ ಪ್ಲೇ ಸ್ಟೋರ್ ಹೊರಗಿನ ಆ್ಯಪ್ ಹಾಕ್ಕೊಂಡಿದೀನಿ, ಮಾಡಿದವರು ಯಾರು ಅಂತ ತಿಳ್ಕೊಂಡು. ಇದನ್ನ ಮಾಡಿದ್ದು ಯಾರು?"

"ಯಾರಾದ್ರೇನು? ಅಮ್ಮನ ದನಿ ಬಂದ್ರೆ ಸಾಕು."

ಗೆಳತಿ ಲಿಂಕಿನ ಪುಟದಲ್ಲಿ ಆ ಆ್ಯಪ್ ಕೇಳುವ ಅನುಮತಿಗಳ ಪಟ್ಟಿ ತೋರಿಸಿದಳು. "ನೋಡು, ನಿನ್ನ ಮೆಸೇಜೆಲ್ಲ ಓದ್ತಾರಂತೆ, ಸ್ಕ್ರೀನೂ ನೋಡ್ತಾರಂತೆ. ಬ್ಯಾಂಕಿನ ಓಟಿಪಿನೂ ಅಲ್ಲೇ ಬರೋದು ತಾನೆ? ಬಟ್ಟೆ ಅಳತೆ ಕೊಡೋಕೆ ಬಂದವರು ನಿನ್ನ ಬೀರು ಕೀಲಿ ಕೇಳಿದ್ರೆ ಕೊಡ್ತೀಯಾ?"

ಹೊಲಿಗೆಯಕ್ಕ ಆ ಪುಟ ಮುಚ್ಚಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಹಾಗಾದ್ರೆ ಅಮ್ಮ ಇನ್ನು ಮಾತಾಡೋದೇ ಇಲ್ವಾ?"

ಗೆಳತಿ ಕೇಳಿದಳು, "ಅಮ್ಮ ಇನ್ಯಾರಿಗಾದ್ರೂ ಮೆಸೇಜ್ ಕಳಿಸ್ತಿದ್ರಾ?"

ತಮ್ಮನಿಗೆ ಕಳಿಸುತ್ತಿದ್ದಳು. ಹೊಲಿಗೆಯಕ್ಕ ಅಲ್ಲಿಂದಲೇ ಅವನಿಗೆ ಫೋನ್ ಮಾಡಿ, ಅಮ್ಮನ ಮೆಸೇಜುಗಳು ಇವೆಯಾ ಎಂದು ಕೇಳಿದಳು.

"ಒಂದೇ ಒಂದು ಉಳಿದಿದೆ ಅಕ್ಕಾ, ಕಳಿಸ್ತೀನಿ. ಅಳಿಸಿದ ದನಿ ಮರಳಿ ಪಡೀರಿ ಅಂತ ನಂಗೊಂದು ಲಿಂಕ್ ಬಂದಿದೆ. ಹಾಕ್ಕೊಂಡು ನೋಡ್ಲಾ?"

"ಬೇಡ್ವೋ! ಯಾರು ಮಾಡಿದ್ದು, ಏನೇನು ಕೇಳುತ್ತೆ ಅಂತ ನೋಡ್ದೆ ಮುಟ್ಬೇಡ."

ಮೆಸೇಜು ಬಂತು. ಫೋನನ್ನು ಕಿವಿಗೊತ್ತಿಕೊಂಡಳು.

"ಮಗಾ, ಊಟ ಆಯ್ತಾ? ಅಕ್ಕಂಗೂ ಒಂದು ಫೋನ್ ಮಾಡೋ. ಬಾಯಿಬಿಟ್ಟು ಹೇಳಲ್ಲ ಅವಳು, ಕಾಯ್ತಾ ಇರ್ತಾಳೆ."

ತನ್ನ ಬಗ್ಗೆ ಅಮ್ಮ ಹೀಗೆ ಮಾತಾಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಮತ್ತೆ ಒತ್ತಿದಳು. ಮತ್ತೂ ಒತ್ತಿದಳು.

ಓದುತ್ತಿರುವ ನೀವೂ ಕೇಳಿ. ನಿಮ್ಮ ಫೋನಿಗೆ ಬೇಕಾದ ಆ್ಯಪ್ ಹಾಕಿಕೊಳ್ಳುವ ಹಕ್ಕು ನಿಮ್ಮದೇ. ಆದರೆ ಮಾಡಿದವರು ಯಾರು, ಆ್ಯಪ್ ಕೇಳುವ ಅನುಮತಿ ಅದರ ಕೆಲಸಕ್ಕೆ ಬೇಕೇ ಎಂದು ಮೊದಲು ನೋಡಿ. ತಿಳಿಯದಿದ್ದರೆ ಬಲ್ಲವರನ್ನು ಕೇಳಿ. ಮನಸ್ಸು ಯಾವುದಕ್ಕೋ ಹಂಬಲಿಸುತ್ತಿರುವಾಗಲಂತೂ ಬೆರಳನ್ನು ಒಂದು ಗಳಿಗೆ ತಡೆಯಿರಿ. ನಿಮ್ಮವರ ದನಿ ಫೋನಿನಲ್ಲಿದೆಯೇ? ಇವತ್ತೇ ಇನ್ನೊಂದು ಕಡೆಯೂ ಉಳಿಸಿಡಿ.