ಹನ್ನೆರಡು ಸಾಲಿನ ಪೆಟ್ಟು

ಮೃಗಶಿರಾ ಮಳೆ ಕೂಡಿದ ಎರಡನೆಯ ದಿನ, ಮಧ್ಯಾಹ್ನ ಎರಡರ ಹೊತ್ತು. ಎಂಬತ್ತೆರಡನೆಯ ಇಸವಿ. ಗಾಳಿ ಎದ್ದು ರಾಯಚೂರಿನ ತುಂಬ ಧೂಳು ಹಾರಿತು, ಹಿಂದೆಯೇ ಕರೆಂಟು ಹೋಯಿತು. ಇಸ್ತ್ರಿ ಅಂಗಿ ತೊಟ್ಟು ಮಾನ್ವಿಯ ಬಸ್ಸಿಗೆ ಹೊರಟಿದ್ದ ಬುರ್ಹಾನುದ್ದೀನ್ ಕಚೇರಿಯ ಬಾಗಿಲಲ್ಲೇ ನಿಂತ. ಕೈಚೀಲ ಕೆಳಗಿಟ್ಟ.

ನಾನು ಆ ಕಚೇರಿಯ ಕಾವಲಿನವನು, ಪರಮಣ್ಣ. ಊರು ಮಲ್ಲಟ, ಓದಿದ್ದು ಎರಡನೆಯ ಇಯತ್ತೆ. ಊರೂರಿನ ಮಳೆ ಎಷ್ಟು ಬಿತ್ತೆಂದು ಬರೆದಿಡುವ ಕಚೇರಿ ಅದು. ಹೈದರಾಬಾದಿನಿಂದ ತಂದ ಹಳೆಯ ಕಂಪ್ಯೂಟರು ಎರಡು ಬೀರುವಿನಷ್ಟು ಜಾಗ ಹಿಡಿದು ಕೂತಿತ್ತು. ಕರೆಂಟು ಹೋದರೆ ಅದು ಸತ್ತಂತೆ. ಬಂದ ಮೇಲೆ ಎಬ್ಬಿಸುವುದು ಬುರ್ಹಾನುದ್ದೀನನಿಗೆ ಒಬ್ಬನಿಗೇ ಗೊತ್ತು. ಆ ವರ್ಷ ಕರೆಂಟು ದಿನಕ್ಕೆ ಮೂರು ಸಲವಾದರೂ ಹೋಗುತ್ತಿತ್ತು.

ಸಂಜೆ ಐದಕ್ಕೆ ಯಂತ್ರ ಎದ್ದ ಮೇಲೆ ಅವನು ಮೆಟ್ಟಿಲ ಮೇಲೆ ಬಂದು ಕೂತ.

"ಇನ್ನೂ ಬಸ್ಸು ಅದಾವಲ್ರಿ?" ಎಂದೆ.

"ಬಸ್ಸು ಅದಾವ ಕಾಕಾ. ಕಾಯೋರು ಎದ್ದು ಹೋಗ್ಯಾರ. ಇದು ಎರಡನೇ ಸಲ."

ಅವನಿಗೆ ಮೂವತ್ತೈದು ತುಂಬಿದ ಮೇಲೆ ಮಾನ್ವಿಯಲ್ಲಿ ಒಂದು ಹೆಣ್ಣು ಗೊತ್ತಾಗಿತ್ತು. ನಿಶ್ಚಯ ಮಾಡಲು ಇವನು ಹೋಗಲಾಗದೆ ಎರಡು ಸಲ ಮುಂದೆ ಬಿದ್ದಿತ್ತು. ಹುಡುಗಿಯ ತಾಯಿ ಖತೀಜಾ ಬೀ ಈಗ ಫೋನಿನಲ್ಲಿ ಕಡೆಯ ಮಾತು ಹೇಳಿ ಕಳಿಸಿದ್ದಳು.

"ಹದಿನೆಂಟನೇ ತಾರೀಕು ಶುಕ್ರವಾರ, ನಮಾಜಿನ ಮ್ಯಾಲೆ. ಆಮ್ಯಾಲೆ ರಂಜಾನ್ ಬರ್ತದ. ಅವತ್ತೂ ಬರಲಿಲ್ಲಂದ್ರ, ನಿಮ್ಮ ಹುಡುಗನ ನಿಕಾ ಆ ಕಬ್ಬಿಣದ ಡಬ್ಬಿ ಜೋಡಿನ ಮಾಡ್ರಿ ಅಂದಾರಂತ."

"ನನಗ ಕಲಸ್ರಿ," ಎಂದೆ. ಯಾಕೆ ಅಂದೆನೋ. ಅವನ ಅಂಗಿಯ ಇಸ್ತ್ರಿ ಬೆವರಿಗೆ ಕೆಟ್ಟುಹೋದದ್ದು ನೋಡಿ ಅಂದಿರಬೇಕು.

"ಹನ್ನೆರಡು ಸಾಲು ಕಾಕಾ. ಸಾಲಿಗೆ ಹದಿನಾರು ಸ್ವಿಚ್ಚು. ಒಂದು ತಪ್ಪಿದ್ರ ಏಳಂಗಿಲ್ಲ."

ಆದರೂ ಮರುದಿನ ಬೆಳಿಗ್ಗೆ ಕರೆದು ಯಂತ್ರದ ಮುಂದೆ ಕೂಡಿಸಿಕೊಂಡ. ಅದು ಏಳುವಾಗ ಅದಕ್ಕೆ ಓದಲೂ ಬರುವುದಿಲ್ಲವಂತೆ. ಹಲಗೆಯ ಮೇಲಿನ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ, ಗುಂಡಿ ಒತ್ತಿ, ಒಂದೊಂದೇ ಸಾಲನ್ನು ಅದರೊಳಗೆ ಕೂಡಿಸಬೇಕು. ಹನ್ನೆರಡು ಸಾಲು ಒಳಗೆ ಹೋದರೆ ತೂತು ಹೊಡೆದ ಕಾಗದದ ಪಟ್ಟಿ ಓದುವಷ್ಟು ಬುದ್ಧಿ ಬರುತ್ತದೆ. ಪಟ್ಟಿ ಓದಿಕೊಂಡರೆ, ಎಲ್ಲ ಬರೆದಿಟ್ಟ ದೊಡ್ಡ ತಟ್ಟೆ, ಅವರು ಡಿಸ್ಕು ಅನ್ನುವುದು, ಅದನ್ನು ತಿರುಗಿಸಲು ಬರುತ್ತದೆ. ತಟ್ಟೆಯಿಂದ ಎದ್ದು ಬಂದು ಯಂತ್ರ ನಡೆಸುವ ಪ್ರೋಗ್ರಾಮಿಗೆ ಬುರ್ಹಾನುದ್ದೀನ್ 'ದೊಡ್ಡಪ್ಪ' ಎನ್ನುತ್ತಿದ್ದ.

"ಈ ದೊಡ್ಡಪ್ಪ ಒಂದು ಯಂತ್ರದಾಗ ಎರಡು ಯಂತ್ರ ಮಾಡ್ತಾನ. ಒಂದು ಮಾನ್ವಿದು, ಒಂದು ದೇವದುರ್ಗದ್ದು. ಎರಡೂ ಮುಟ್ಟಾಕ ಸಿಗಂಗಿಲ್ಲ. ಆದ್ರ ಅವಕ್ಕ ತಾವ ಖರೆ ಯಂತ್ರ ಅಂತ ತಿಳುವಳಿಕಿ."

"ಅವನ್ನ ಎಬ್ಬಸೋರು ಯಾರ್ರಿ? ಅವಕ್ಕೂ ಸ್ವಿಚ್ಚು ಅದಾವೇನು?"

"ಅವಕ್ಕೆಲ್ಲಿ ಸ್ವಿಚ್ಚು? 'ಈಗ ಕರೆಂಟು ಬಂತು, ಏಳ್ರಿ' ಅಂತ ದೊಡ್ಡಪ್ಪ ಸುಳ್ಳು ಹೇಳ್ತಾನ. ಅವು ನಂಬಿ ಒಂದರಿಂದ ಶುರು ಮಾಡಿ ಏಳ್ತಾವ."

ದೇವದುರ್ಗದ ಪರದೆಯ ಮುಂದೆ ಕೂತು ಮಳೆಯ ಅಂಕಿ ಬಡಿಯುತ್ತಿದ್ದ ಮಹಾಂತಮ್ಮ ಅಂದಳು: "ನನ್ನ ಯಂತ್ರಕ್ಕ ಮಾನ್ವಿ ಅನ್ನೋ ಊರು ಅದ ಅನ್ನೋದ ಗೊತ್ತಿಲ್ಲ ಕಾಕಾ. ನಮ್ಮತ್ತಿಗೆ ನಮ್ಮ ತವರುಮನಿ ಇದ್ದಂಗ."

ಹೊಸ ಯಂತ್ರಗಳಲ್ಲಿ ಆ ಹನ್ನೆರಡು ಸಾಲನ್ನು ಚಿಪ್ ಎಂಬ ಸಣ್ಣ ಬಿಲ್ಲೆಯಲ್ಲಿ ಕಾಯಂ ಕೂಡಿಸಿಯೇ ಕೊಡುತ್ತಾರಂತೆ. ಯಾರೂ ಸ್ವಿಚ್ಚು ಮುಟ್ಟುವ ಹಾಗಿಲ್ಲ. ನಮಗೂ ಬೇಕೆಂದು ಬರೆದು ಕಳಿಸಿ ಒಂದು ವರ್ಷವಾಗಿತ್ತು.

ಬುರ್ಹಾನುದ್ದೀನ್ ಆ ಸಾಲುಗಳನ್ನು ಬರೆದುಕೊಟ್ಟ ಕಾಗದದ ಸಣ್ಣ ಒಂದು, ಸೊನ್ನೆಗಳು ನನ್ನ ಕಣ್ಣಿಗೆ ನಿಲ್ಲಲಿಲ್ಲ. ನಮ್ಮದು ಕುರಿ ಕಾಯುವ ಮನೆತನ. ಡೊಳ್ಳು ಮಾತ್ರ ಎಳೆತನದಿಂದ ಬಾರಿಸಿದ್ದೆ. ಸ್ವಿಚ್ಚು ಮೇಲಿದ್ದರೆ ಪೆಟ್ಟು, ಕೆಳಗಿದ್ದರೆ ಬಿಡುವು ಎಂದು ಮಾಡಿಕೊಂಡೆ. ಅವನು ಪಕ್ಕದಲ್ಲಿ ಕೂತು "ಹೂಂ" ಅನ್ನುವನು, ನಾನು ಶುರು ಮಾಡುವೆನು. ಆರು ದಿನಕ್ಕೆ ಹನ್ನೆರಡು ಸಾಲೂ ಕೈಗೆ ಕೂತವು. ಏಳನೆಯ ದಿನ ಯಂತ್ರ ನನ್ನ ಕೈಯಲ್ಲಿ ಎದ್ದಿತು.

ಬುರ್ಹಾನುದ್ದೀನನ ರಜೆಗೆ ಕಚೇರಿಯ ಸಾಹೇಬರು ಒಪ್ಪಿದರು, ಅರ್ಧ ಮನಸ್ಸಿನಿಂದ. "ಮೂರಕ್ಕ ಮಳೆಯ ವರದಿ ಬೆಂಗಳೂರಿಗೆ ಹೋಗಬೇಕು. ಯಂತ್ರ ಏಳಲಿಲ್ಲಂದ್ರ ಜೀಪು ಕಳಸ್ತೀನಿ. ನಿಶ್ಚಯದ ನಡುವ ಇದ್ರೂ ಎದ್ದು ಬರಬೇಕು."

ಶುಕ್ರವಾರ ಬೆಳಿಗ್ಗೆ ಬುರ್ಹಾನುದ್ದೀನ್ ಮಾನ್ವಿಗೆ ಹೋದ. ಹನ್ನೆರಡೂವರೆಗೆ ಕರೆಂಟು ಹೋಗಿ ಒಂದಕ್ಕೆ ಬಂತು. ನಾನು ಹಲಗೆಯ ಮುಂದೆ ನಿಂತು ಹನ್ನೆರಡು ಸಾಲು ಹಾಕಿದೆ. ಪಟ್ಟಿ ಅಲುಗಲಿಲ್ಲ. ಮತ್ತೆ ಹಾಕಿದೆ. ಮೂರನೆಯ ಸಲವೂ ಹಾಕಿದೆ. ಯಂತ್ರ ಹಾಗೇ ಕೂತಿತ್ತು.

"ಕುರಿ ಕಾಯೋನ ಕೈಯಾಗ ಕೊಟ್ರ ಇನ್ನೇನಾಗ್ತದ," ಎಂದರು ಸಾಹೇಬರು. ಹೊರಗೆ ಜೀಪು ಶುರುವಾದ ಸದ್ದು ಕೇಳಿತು.

"ಒಮ್ಮಿ ಫೋನಿನ್ಯಾಗ ಕೇಳ್ತೀನ್ರಿ ಯಪ್ಪಾ. ಆಮ್ಯಾಲೆ ಕಳಸ್ರಿ," ಎಂದು ಕೈ ಮುಗಿದೆ.

ಹುಡುಗಿಯ ಮನೆಯ ಪಕ್ಕದ ಅಕ್ಕಿ ಗಿರಣಿಯಲ್ಲಿ ಫೋನಿತ್ತು. ಟ್ರಂಕ್ ಕಾಲ್ ಸಿಗಲು ಇಪ್ಪತ್ತು ನಿಮಿಷ ಹಿಡಿಯಿತು. ಗಿರಣಿಯ ಮಾಲೀಕ ಗಡಿಗೆಪ್ಪನವರು ಎತ್ತಿದರು.

"ಯಾರು ಬೇಕು? ಮದಿಮಗನಾ? ಶರಬತ್ತು ಕುಡಿಯಾಕತ್ತಾನ್ರಿ. ತಡೀರಿ, ಗ್ಲಾಸ್ ಸಮೇತ ಕರಸ್ತೀನಿ."

ಬುರ್ಹಾನುದ್ದೀನ್ ಓಡಿಬಂದು ಫೋನು ಹಿಡಿದ. "ಏಳಲಿಲ್ಲೇನು?"

"ಇಲ್ರಿ. ಮೂರು ಸಲ ಹಾಕಿದೆ."

"ಹ್ಯಾಂಗ ಹಾಕಿದಿ, ಹಂಗ ಟೇಬಲ್ ಮ್ಯಾಲೆ ಬಾರಿಸು. ಕೇಳ್ತೀನಿ."

ಫೋನನ್ನು ಮಹಾಂತಮ್ಮ ಹಿಡಿದುಕೊಂಡಳು. ನಾನು ಬಾರಿಸಿದೆ. ಮೊದಲ ಸಾಲೂ ಮುಗಿದಿರಲಿಲ್ಲ.

"ನಿಂದ್ರು, ನಿಂದ್ರು. ಸಾಲಿನ ಮುಂಚೆ ಒಂದು ದಪ್ಪ ಪೆಟ್ಟು ಬಂತಲ್ಲ. ಅದ್ಯಾವದು?"

"ಅದು ಬೀರಪ್ಪಂದ್ರಿ."

"ಯಾವ ಬೀರಪ್ಪ?"

"ನಮ್ಮ ದೇವರ್ರಿ. ಡೊಳ್ಳು ಹಿಡದ್ರ ಮೊದಲಿನ ಪೆಟ್ಟು ಆತಗ."

"ಸ್ವಿಚ್ಚಿನ್ಯಾಗೂ ಹಾಕಿದೇನು?"

"ಹೂಂ ರಿ. ಒಂದು ಸ್ವಿಚ್ಚು ಎತ್ತಿ ಗುಂಡಿ ಒತ್ತಿ, ಆಮ್ಯಾಲೆ ಸಾಲು ಶುರು ಮಾಡೀನಿ."

"ಇಷ್ಟು ದಿನ ಹಾಕಿದ್ದಿಲ್ಲಲ್ಲೋ ಮಾರಾಯಾ!"

"ಬಾಜು ನೀವಿದ್ರಿ. ಕಲಸೋರು ಇದ್ದಾಗ ಆ ಪೆಟ್ಟು ಅವರದು. ಒಬ್ಬನ ನಿಂತಾಗ ನಾನ ಹಾಕಬೇಕು."

ಆ ಕಡೆ ಗ್ಲಾಸು ಕೆಳಗಿಟ್ಟ ಸದ್ದು ಬಂತು.

"ಕಾಕಾ, ಮೊದಲಿನ ಸಾಲು ಕೂಡೋ ಮನಿಯಾಗ ನಿಮ್ಮ ಬೀರಪ್ಪ ಹೋಗಿ ಕುಂತಾನ. ಹನ್ನೆರಡೂ ಸಾಲು ಒಂದೊಂದು ಮನಿ ಮುಂದ ಸರದಾವ. ಆತನ ಪೆಟ್ಟು ಟೇಬಲ್ ಮ್ಯಾಲೆ ಹಾಕು, ಬ್ಯಾಡ ಅನ್ನಂಗಿಲ್ಲ. ಸ್ವಿಚ್ಚು ಮುಟ್ಟಬ್ಯಾಡ."

ಹಾಗೇ ಮಾಡಿದೆ. ಹನ್ನೆರಡನೆಯ ಸಾಲು ಒತ್ತಿ ಶುರು ಮಾಡುವ ಗುಂಡಿ ಅದುಮಿದಾಗ ಕಾಗದದ ಪಟ್ಟಿ ಚಟಚಟ ಓಡಿತು. ತಟ್ಟೆ ಗುಯ್ಯೆಂದಿತು. ಒಂದು ಪರದೆ ಬೆಳಗಿತು, ಆಮೇಲೆ ಇನ್ನೊಂದು.

"ದೇವದುರ್ಗ ಎದ್ದದ ನೋಡ್ರಿ!" ಎಂದು ಮಹಾಂತಮ್ಮ ಫೋನಿನಲ್ಲಿ ಕೂಗಿದಳು. ಸಾಹೇಬರು ಹೊರಗೆ ಹೋಗಿ ಜೀಪು ಬಂದ್ ಮಾಡಿಸಿದರು.

ಬುರ್ಹಾನುದ್ದೀನ್ ಶನಿವಾರ ಸಕ್ಕರೆ ತಂದು ಎಲ್ಲರ ಕೈಗೂ ಹಾಕಿದ. ನಿಶ್ಚಯ ಆಗಿತ್ತು. ಬಕ್ರೀದಿಗೆ ಮುಂಚೆ ನಿಕಾ ಆಯಿತು. ಅಷ್ಟರೊಳಗೆ ಸಾಹೇಬರಿಗೆ ನನ್ನ ಕೈ ರೂಢಿಯಾಗಿತ್ತು. ಕರೆಂಟು ಹೋದರೆ ಮೊದಲು ಕೂಗುತ್ತಿದ್ದದ್ದು ನನ್ನ ಹೆಸರು. ಉಣ್ಣುವಾಗಲೂ ಕಿವಿ ಫ್ಯಾನಿನ ಸದ್ದಿನ ಕಡೆ ಇರುತ್ತಿತ್ತು. ದೀಪಾವಳಿಗೆ ಮಲ್ಲಟಕ್ಕೆ ಹೋಗುತ್ತೇನೆಂದು ಕೇಳಿದೆ, ಬಿಡಲಿಲ್ಲ.

ಒಂದು ಮುಂಜಾನೆ ಬುರ್ಹಾನುದ್ದೀನ್ ನನ್ನ ಪಕ್ಕ ಬಂದು ಕೂತ. ದೇವದುರ್ಗದ ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಅಂಗಡಿ ಹಾಕುತ್ತೇನೆ ಎಂದ.

"ಅಲ್ಲಿ ಕರೆಂಟು ಹೋದ್ರ ಅಂಗಡಿ ಮುಚ್ಚಿ ಮನಿಗೆ ಹೋಗಬಹುದು ಕಾಕಾ. ಯಾರೂ ಕರಿಯಂಗಿಲ್ಲ."

"ಸಾಹೇಬರು ಬಿಟ್ರೇನು?"

"ಪರಮಣ್ಣ ಅದಾನಲ್ಲ ಅಂದ್ರು."

ಒಳಗೆ ಯಂತ್ರ ನಡೆಯುತ್ತಿತ್ತು.

ಬುರ್ಹಾನುದ್ದೀನ್ ಹೆಂಡತಿಯನ್ನು ಕರೆದುಕೊಂಡು ದೇವದುರ್ಗಕ್ಕೆ ಹೋದದ್ದು ನವೆಂಬರ್ ಇಪ್ಪತ್ತೆರಡು, ಸೋಮವಾರ.