ನಡುವಿನ ಚೌಕ

ಮಾಳಪ್ಪ ಕೌದಿಯ ಒಂದು ತುದಿ ಹಿಡಿದು ಎಳೆದ. ಇನ್ನೊಂದು ತುದಿಯನ್ನು ರಾಜೇಶ್ವರಿ ಬಿಡಲಿಲ್ಲ. ಪಡಸಾಲೆಯಲ್ಲಿ ಕೂತ ಭಜನೆಯವರ ತಾಳ ಅರೆಕ್ಷಣ ತಪ್ಪಿತು. ಗೋಡೆಗೆ ಒರಗಿಸಿ ಕೂಡ್ರಿಸಿದ್ದ ಸಿದ್ದಲಿಂಗವ್ವ ಮಾತ್ರ ಹಣೆತುಂಬ ವಿಭೂತಿ ಧರಿಸಿ, ಈ ಜಗಳಕ್ಕೂ ತನಗೂ ಸಂಬಂಧವಿಲ್ಲವೆಂಬಂತೆ ಕೂತಿದ್ದಳು.

“ಬಿಡವಾ, ಮಂದಿ ನೋಡಾಕ ಹತ್ತೇತಿ,” ಎಂದ ಮಾಳಪ್ಪ. ಸತ್ತ ಸಿದ್ದಲಿಂಗವ್ವನ ಮೈದುನ, ಈಗ ಮನೆಗೆ ಹಿರಿಯ. “ವೈನಿ ಕಡೀಕ ಹೊಲದದ್ದು ಇದು. ಕುಣಿಯಾಗ ಆಕೀ ಬುಡಕ ಹಾಸೂನು. ಸತ್ತಾಕಿ ಅರ್ಧಕ್ಕ ಬಿಟ್ಟ ಕೆಲಸಾ ಮನ್ಯಾಗ ಇರಬಾರದು.”

“ಇದು ಅತ್ತೀದಲ್ಲರಿ ಕಾಕಾ. ಮಾಯಾಂದು.”

“ಆ ನೇಪಾಳದಾಕೀದ?”

“ಹೂಂರಿ. ಮಂದೀ ಸಾಮಾನು ಮಣ್ಣಾಗ ಹುಗೀತೀರೇನು?”

ಮಾಳಪ್ಪ ಕೈ ಸಡಿಲಿಸಿದ. ಮಾಯಾ ಯಾರೆಂದು ಸಂಗೊಳ್ಳಿಯಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ಎಂಟು ವರ್ಷದಿಂದ ಸಿದ್ದಲಿಂಗವ್ವ ರೊಟ್ಟಿ ಬಡಿಯುವಾಗಲೂ ಅವಳದೇ ಮಾತು, ಹೊಲಕ್ಕೆ ಬುತ್ತಿ ಒಯ್ಯುವಾಗಲೂ ಅದೇ ಮಾತು. ಕೇಳಿ ಕೇಳಿ ಓಣಿಯ ಹೆಂಗಸರ ಕಿವಿ ತೂತು ಬಿದ್ದಿದ್ದವು.

*

ತೊಂಬತ್ತಾರರ ಚಳಿಗಾಲದಲ್ಲಿ ಯಮನಪ್ಪನ ಯಾತ್ರೆ ಬಸ್ಸು ಬೈಲಹೊಂಗಲದಿಂದ ಹೊರಟು ಕಾಶಿ ಮುಗಿಸಿ ಪಶುಪತಿನಾಥಕ್ಕೆ ಹೋಗಿತ್ತು. ಅದರಲ್ಲಿ ಸಿದ್ದಲಿಂಗವ್ವ ಒಬ್ಬಳೇ ಹೋಗಿದ್ದಳು; ಗಂಡ ನಿಜಗುಣಪ್ಪ ಹಿಂಗಾರಿ ಬೆಳೆ ಬಿಟ್ಟು ಬರಲಾರೆನೆಂದು ಊರಲ್ಲೇ ಉಳಿದಿದ್ದ. ಕಾಠ್ಮಂಡುವಿನಲ್ಲಿ ಅವಳಿಗೆ ಎದ್ದು ನಿಲ್ಲಲಾಗದಷ್ಟು ಜ್ವರ ಬಂತು. ಬಸ್ಸು ಪೋಖರಾಕ್ಕೆ ಹೋಗಿ ಬರುವತನಕ ಗುಡಿಯ ಹಿಂದಿನ ಓಣಿಯ ಚಹಾದಂಗಡಿಯವಳು, ಮಾಯಾ, ಅವಳನ್ನು ಅಂಗಡಿಯಲ್ಲೇ ಮಲಗಿಸಿಕೊಂಡಳು. ಒಬ್ಬರ ಮಾತು ಒಬ್ಬರಿಗೆ ಬರುತ್ತಿರಲಿಲ್ಲ. ಆದರೂ ಗಂಜಿ ಕುಡಿಸಿದಳು, ಬೆವರಿನ ಸೀರೆ ಒಗೆದು ಹಾಕಿದಳು. ಇದ್ದ ಒಂದೇ ರಜಾಯಿಯನ್ನು ಇವಳಿಗೆ ಹೊದಿಸಿ ತಾನು ಒಲೆಯ ಬದಿಗೆ ಮುದುಡಿಕೊಂಡಳು.

ಬಸ್ಸು ತಿರುಗಿ ಬಂದಾಗ ಕೊಡಲು ಕೈಯಲ್ಲಿ ಏನೂ ಇರಲಿಲ್ಲ. ದುಡ್ಡು ಚಾಚಿದರೆ ಮಾಯಾ ಮುಖ ತಿರುಗಿಸಿದಳು. ಉಣ್ಣಿಸಿದ ಮನೆಯ ಹೆಣ್ಣುಮಗಳಿಗೆ ಕುಂಕುಮವನ್ನಾದರೂ ಹಚ್ಚದೆ ಹೊರಡುವುದುಂಟೆ? ಮೂಗಿನಲ್ಲಿ ಮೂಗುತಿ ಇತ್ತು, ಕೊರಳು ಶಾಲಿನಲ್ಲಿ ಮುಚ್ಚಿತ್ತು. ಸಿದ್ದಲಿಂಗವ್ವ ಸಂಚಿಯಿಂದ ಭರಣಿ ತೆಗೆದು, ರೂಪಾಯಿಯಗಲ ಕುಂಕುಮ ಹಚ್ಚಿಬಿಟ್ಟಳು. ಮಾಯಾ ಕಲ್ಲಾದಳು. ಕಣ್ಣು ತುಂಬಿತು, ಒಳಗೆ ಓಡಿದಳು. ತೆರೆದ ಬಾಗಿಲಾಚೆ ಗೋಡೆಯ ಮೇಲೆ ಹಾರ ಹಾಕಿದ ಗಂಡಸಿನ ಫೋಟೋ ಕಂಡದ್ದು ಆಗಲೇ.

“ಜೀವಾ ಉಳಿಸಿದಾಕಿಗೆ ಬರಿ ಎಳದು ಬಂದೆ,” ಎಂದು ಊರಿಗೆ ಬಂದ ರಾತ್ರಿ ಸಿದ್ದಲಿಂಗವ್ವ ಸೊಸೆಯ ಮುಂದೆ ಅತ್ತಿದ್ದಳು.

ಅಲ್ಲಿಂದ ಶುರುವಾಯಿತು ಉಡುಗೊರೆಯ ಹುಡುಕಾಟ. ಇಳಕಲ್ ಸೀರೆ ಕೊಂಡಳು. ಸೆರಗು ಕೆಂಪೆಂದು ಮಗಳು ವಿಜಯಾಳಿಗೆ ಉಡಿಸಿದಳು. ಗೋಕಾಕದ ಕರದಂಟು ಕೊಡೋಣವೆಂದರೆ, ಸಿಹಿ ತಿನ್ನಿಸಿ ಬಾಯಿ ಮುಚ್ಚಿಸಿದಂತಾಗುತ್ತದೆ ಎಂದಳು. ಬಳೆಯ ಮಾತಂತೂ ದೂರವೇ ಉಳಿಯಿತು. ಎರಡು ಸಾವಿರದ ಇಸವಿಯಲ್ಲಿ ನಿಜಗುಣಪ್ಪ ತೀರಿಕೊಂಡ. ಅವಳ ಹಣೆಯೂ ಬರಿದಾಯಿತು. ವರ್ಷ ತುಂಬಿದ ಮೇಲೆ ಗಂಡ ತಂದುಕೊಟ್ಟಿದ್ದ ಸೀರೆಗಳನ್ನೆಲ್ಲ ಕತ್ತರಿಸಿ, ಆ ಚಳಿಯ ಊರಿನವಳಿಗೆಂದು ಕೌದಿ ಹೊಲಿಯತೊಡಗಿದಳು.

*

ಕೌದಿ ಮುಗಿಯುತ್ತ ಬಂದಿತ್ತು. ನಡುವೆ ಅಂಗೈಯಗಲದ ಒಂದು ಚೌಕ ಮಾತ್ರ ಖಾಲಿ. ಅಲ್ಲಿಗೆಂದು ತೆಗೆದಿಟ್ಟ ತುಂಡುಗಳು ಎರಡು, ಒಂದು ಬಿಳಿ, ಒಂದು ಕೆಂಪು. ಯಾವುದೆಂದು ಅವಳಿಗೆ ಕಡೆಯತನಕ ಬಗೆಹರಿದಿರಲಿಲ್ಲ.

“ಮುಂದಿನ ತಿಂಗಳ ಮತ್ತ ಬಸ್ಸು ಬಿಡತೇನಿ,” ಎಂದ ಕಟ್ಟೆಯ ಮೇಲೆ ಕೂತಿದ್ದ ಯಮನಪ್ಪ. “ಆ ಓಣಿ ನನಗ ಗೊತ್ತೈತಿ, ಒಯ್ದು ಕೊಡತೇನಿ. ಆದ್ರ ನಡುವ ಹಿಂಗ ಬಾಯಿ ತೆರದಿದ್ದು ಹೆಂಗ ಕೊಡ್ಲಿ?”

ಮಾಳಪ್ಪ ಹೆಣದ ಕಡೆ ನೋಡಿದ, ಕೌದಿಯ ಕಡೆ ನೋಡಿದ. “ಕ್ರಿಯಾ ಮಾಡಸೂ ಅಯ್ಯಾರು ಬರೂದ್ರೊಳಗ ಮುಗಸು. ಇಲ್ಲಾಂದ್ರ ಆಕೀ ಜೋಡೀನ ಹೋಗತೈತಿ,” ಎಂದ.

ರಾಜೇಶ್ವರಿ ಹೆಣದ ಮಗ್ಗುಲಲ್ಲೇ ಸೂಜಿ ಹಿಡಿದು ಕೂತಳು. ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ಪಿಸುಗುಟ್ಟಿದರು. ಅದು ಅವಳ ಕಿವಿಗೆ ಬೀಳಲಿಲ್ಲವೆಂದಲ್ಲ, ಬಿದ್ದರೂ ಎದ್ದು ಹೋಗುವ ಹೊತ್ತಾಗಿರಲಿಲ್ಲ. ಎರಡು ತುಂಡು ಮಡಿಲಲ್ಲಿಟ್ಟುಕೊಂಡ ಮೇಲೆ ಅವಳಿಗೆ ಹೆದರಿಕೆಯಾಯಿತು. ತಪ್ಪು ಬಣ್ಣ ಹೋದರೆ ಅತ್ತೆ ಎಳೆದ ಬರೆಯ ಮೇಲೆ ತಾನು ಇನ್ನೊಂದು ಎಳೆದಂತೆ. ಕೇಳೋಣವೆಂದರೆ ಅತ್ತೆ ಬಾಯಿ ಬಿಡುವಂತಿಲ್ಲ.

“ಬಿಳೀದ ಹಚ್ಚು,” ಎಂದಳು ಎದುರಿಗಿದ್ದ ಶಟ್ಟೆವ್ವ. ಸಿದ್ದಲಿಂಗವ್ವನ ಅಕ್ಕ ಅವಳು, ತವರಿನ ಸೀರೆ ಹಿಡಿದುಕೊಂಡು ಬೆಳಿಗ್ಗೆಯೇ ದೇಗಾಂವದಿಂದ ಬಂದಿದ್ದಳು. ಮೀಸೆ ಚಿಗುರದ ಗಂಡನನ್ನು ಕಳೆದುಕೊಂಡು, ಮೈನೆರೆಯುವ ಮೊದಲೇ ಹಣೆ ಬರಿದು ಮಾಡಿಕೊಂಡವಳು. “ನಮ್ಮಂಥಾರಿಗೆ ಕೆಂಪು ಯಾತಕ? ತಂಗಿಗೂ ಇದನ್ನ ಹೇಳಿದ್ದೆ.”

ರಾಜೇಶ್ವರಿ ಬಿಳಿಯ ತುಂಡಿಗೆ ಸೂಜಿ ಚುಚ್ಚಿ ನಿಲ್ಲಿಸಿದಳು.

“ದೊಡ್ಡವ್ವಾರ, ಒಂದು ಮಾತು ಅತ್ತಿ ನಿಮಗ ಹೇಳಿಲ್ಲ. ನೀವು ಬೈತೀರಿ ಅಂತ ಅಂಜತಿದ್ರು. ಬಸ್ಸು ಹೊಂಡೂ ಮುಂದ ಆ ಮಾಯಾ ಬಾಗಲಕ್ಕ ಬಂದು ಕೈ ಬೀಸಿದಳಂತ. ಕುಂಕುಮ ಹಣೀ ಮ್ಯಾಲ ಹಂಗ ಇತ್ತಂತ.”

“ಒರಸಿರಲಿಲ್ಲಾ?”

“ಇಲ್ಲಂತರಿ. ಅತ್ತೀಗೆ ಅದ ಚಿಂತಿ. ಒರಸೂದು ಮರತಿದ್ದಳೋ, ಬೇಕಂತ ಇಟಗೊಂಡಿದ್ದಳೋ ಅಂತ.”

ಶಟ್ಟೆವ್ವ ತಂಗಿಯ ಮುಖದ ಕಡೆ ತಿರುಗಿದಳು. ಅಯ್ಯನವರು ಬಂದರೆಂದು ಹೊರಗೆ ಯಾರೋ ಕೂಗಿದರು. ಮಾಳಪ್ಪ ಬಾಗಿಲಲ್ಲಿ ಬಂದು ನಿಂತ.

“ಮರಿಯೂದಾ?” ಎಂದಳು ಶಟ್ಟೆವ್ವ, ಯಾರಿಗೋ ಎಂಬಂತೆ. “ಅಂಥಾದ್ದ ಯಾರು ಮರೀತಾರವ್ವಾ.”

ಮಾಳಪ್ಪನಿಗೆ ಕೈಯೆತ್ತಿ ತಡೆ ಎಂದಳು. ರಾಜೇಶ್ವರಿಯ ಬೆರಳಿಂದ ಬಿಳಿಯ ತುಂಡು ಬಿಡಿಸಿ ಪಕ್ಕಕ್ಕಿಟ್ಟಳು. ಕೆಂಪು ತುಂಡನ್ನು ಖಾಲಿ ಚೌಕದ ಮೇಲೆ ಹರವಿ, ಸುಕ್ಕು ತೀಡಿ, ಜರುಗದಂತೆ ತನ್ನ ಬಳೆಯಿಲ್ಲದ ಕೈಗಳೆರಡನ್ನೂ ಅದರ ಅಂಚುಗಳ ಮೇಲೆ ಊರಿ ಕೂತಳು.

“ಹೊಲಿ,” ಎಂದಳು. “ನಾ ಹಿಡದೇನಿ.”